ಹತ್ತು ಸಂಘ, ಒಂದು ಹಾಳೆ: ಕಲ್ಯಾಣ ಕೆಲಸಗಳನ್ನು ಹೊಂದಿಸುವುದು ಹೇಗೆ

ಒಂದೇ ವಾರ, ಒಂದೇ ಶಾಲೆ, ಮೂರು ಸಂಘಗಳಿಂದ ಬ್ಯಾಗ್ ವಿತರಣೆ. ಅದೇ ರಸ್ತೆಯ ಕೊನೇ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮಾತ್ರ ಯಾರೂ ಇಲ್ಲ. ಇಂಥದ್ದನ್ನು ನೀವೂ ನೋಡಿರುತ್ತೀರಿ. ಯಾರಿಗೂ ಕೆಟ್ಟ ಮನಸ್ಸಿರುವುದಿಲ್ಲ. ಒಬ್ಬರು ಮಾಡುವುದು ಇನ್ನೊಬ್ಬರ ಕಿವಿಗೆ ಬಿದ್ದಿರುವುದಿಲ್ಲ, ಅಷ್ಟೇ.

ನಾನು ಸಂಚಾಲಕಿ. ಸ್ಥಳೀಯ ಆಡಳಿತ, ಶಾಲೆ, ಆರೋಗ್ಯ ಕೇಂದ್ರ, ಮಹಿಳಾ ಸಂಘ, ಯುವಕರ ಗುಂಪು, ಧಾರ್ಮಿಕ ಸಂಸ್ಥೆ ಇವರೆಲ್ಲರ ಮಧ್ಯೆ ಓಡಾಡಿ ಕೆಲಸಗಳನ್ನು ಹೊಂದಿಸುವುದು ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು: ಹೊಸ ಕಾರ್ಯಕ್ರಮ ಯೋಚಿಸಬೇಡಿ. ಈಗಾಗಲೇ ಯಾರು, ಯಾರಿಗೆ, ಏನು ಮಾಡುತ್ತಿದ್ದಾರೆ ಅನ್ನುವುದನ್ನು ಒಂದು ಹಾಳೆಗೆ ತನ್ನಿ. ಅರ್ಧ ಯೋಜನೆ ಅಲ್ಲೇ ಸಿಗುತ್ತದೆ.

ಸಭೆಗೆ ಮುಂಚೆ

ಎಲ್ಲರೂ ಮೊದಲು ದೊಡ್ಡ ಸಭೆ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಸಂಘದ ಸಾಧನೆ ಹೇಳಿಕೊಳ್ಳುತ್ತಾರೆ, ಟೀ ಆಗುತ್ತದೆ, ಫೋಟೋ ಆಗುತ್ತದೆ, ಮುಗೀತು. ಅದರ ಬದಲು ಒಬ್ಬೊಬ್ಬರನ್ನೇ ಅವರವರ ಜಾಗದಲ್ಲಿ ಹೋಗಿ ಭೇಟಿ ಮಾಡಿ. ಅಧ್ಯಕ್ಷರನ್ನು ನೋಡಿ, ಮರ್ಯಾದೆಗೆ ಅದು ಬೇಕು. ಆದರೆ ಮನೆ ಮನೆ ಸುತ್ತುವ ಕಾರ್ಯಕರ್ತೆ, ನರ್ಸಮ್ಮ, ಹಾಜರಿ ಹಾಕುವ ಮೇಷ್ಟ್ರು ಇವರ ಜೊತೆ ಜಾಸ್ತಿ ಹೊತ್ತು ಕೂರಿ.

‘ನಿಮ್ಮ ಸಂಘದ ಉದ್ದೇಶ ಏನು?’ ಅಂತ ಕೇಳಿದರೆ ಬೈಲಾದ ಮೊದಲ ಪುಟ ಕೇಳಬೇಕಾಗುತ್ತದೆ. ನಾನು ಕೇಳುವುದು ಇಷ್ಟು: ಹೋದ ತಿಂಗಳು ಯಾವ ಮನೆಗಳಿಗೆ ಹೋಗಿದ್ದಿರಿ? ಏನು ಕೊಟ್ಟಿರಿ? ಹೋದವರು ಯಾರು? ಜನ ಕೇಳಿದ್ದರಲ್ಲಿ ನಿಮ್ಮ ಕೈಲಿ ಆಗದೇ ಇದ್ದದ್ದು ಏನು? ಕೊನೇ ಪ್ರಶ್ನೆಗೆ ಬರುವ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಾಲ್ಕು ಕಡೆ ಒಂದೇ ಉತ್ತರ ಬಂದರೆ ನಿಮ್ಮ ಯೋಜನೆಯ ಮೊದಲ ಸಾಲು ಅದೇ.

ಹಾಳೆ

ಕಾಲಂಗಳು ಆರೇ ಇರಲಿ: ಕೆಲಸ, ಯಾರಿಗಾಗಿ, ಯಾವ ಭಾಗದಲ್ಲಿ, ಮಾಡುವವರು, ಯಾವ ದಿನ, ದುಡ್ಡು ಎಲ್ಲಿವರೆಗೆ ಇದೆ. ಆರನೇ ಕಾಲಂ ಅನ್ನು ಜನ ಬಿಟ್ಟುಬಿಡುತ್ತಾರೆ. ಅನುದಾನ ಮುಗಿದ ಮೇಲೆ ಸಂಜೆ ಪಾಠ ನಿಂತಿತು ಅಂತ ಪೋಷಕರಿಂದ ಗೊತ್ತಾಗುವುದಕ್ಕಿಂತ ಮೂರು ತಿಂಗಳು ಮುಂಚೆ ಹಾಳೆಯಿಂದ ಗೊತ್ತಾಗುವುದು ಒಳ್ಳೇದು, ಅಲ್ವಾ?

ಹಾಳೆ ತುಂಬಿದ ಮೇಲೆ ಅದನ್ನು ಅಡ್ಡಡ್ಡ ಓದಬೇಡಿ, ಕಾಲಂ ಹಿಡಿದು ಉದ್ದಕ್ಕೆ ಓದಿ. ಒಮ್ಮೆ ಹಾಗೆ ಓದುವಾಗ ಒಂದು ಮಹಿಳಾ ಸಂಘ ಗಾಲಿಕುರ್ಚಿ ಕೊಳ್ಳಲು ಚಂದಾ ಎತ್ತುತ್ತಿರುವುದು ಕಂಡಿತು. ಹತ್ತು ಸಾಲು ಕೆಳಗೆ ಆರೋಗ್ಯ ಕೇಂದ್ರದವರು ‘ಉಪಯೋಗದಲ್ಲಿಲ್ಲದ ಸಾಮಾನು’ ಅಂತ ಗಾಲಿಕುರ್ಚಿಗಳನ್ನೇ ಬರೆಸಿದ್ದರು. ಸ್ಟೋರ್ ರೂಮಿನ ಬೀಗ ತೆಗೆಸಿ ನೋಡಿದರೆ ಕುರ್ಚಿಗಳು ಗಟ್ಟಿಮುಟ್ಟಾಗಿದ್ದವು, ಟೈರ್ ಮಾತ್ರ ಹೋಗಿತ್ತು. ಎರವಲು ಪುಸ್ತಕ ಒಂದನ್ನು ಮಾಡಿದೆವು: ಯಾರಿಗೆ ಕೊಟ್ಟದ್ದು, ಯಾವತ್ತು, ಯಾವತ್ತು ವಾಪಸ್. ಚಂದಾ ದುಡ್ಡು ಟೈರಿಗೆ ಮತ್ತು ಒಂದು ಇಳಿಜಾರು ಕಟ್ಟಿಸುವುದಕ್ಕೆ ಹೋಯಿತು. ಕುರ್ಚಿ ಇದ್ದೂ ಮೆಟ್ಟಿಲು ಇಳಿಯಲಾಗದೆ ಮನೆಯಲ್ಲೇ ಉಳಿದವರ ಬಗ್ಗೆ ಮಹಿಳಾ ಸಂಘದವರು ಹೇಳದೇ ಇದ್ದಿದ್ದರೆ ಇಳಿಜಾರಿನ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಯಾವುದನ್ನು ಹಂಚಿಕೊಳ್ಳಬಾರದು

ಲಂಡನ್ನಿನಲ್ಲಿ 1869ರಲ್ಲಿ ಧರ್ಮದತ್ತಿಗಳನ್ನೆಲ್ಲ ಹೊಂದಿಸಲೆಂದೇ ಒಂದು ಸಂಸ್ಥೆ ಹುಟ್ಟಿತು. ಒಂದೇ ಕುಟುಂಬಕ್ಕೆ ಎರಡು ಮೂರು ಕಡೆಯಿಂದ ನೆರವು ಹೋಗದಂತೆ ತಡೆಯುವುದು ಅವರ ಗುರಿಗಳಲ್ಲಿ ಒಂದು. ಹೊಂದಿಸುವ ಕೆಲಸವೇನೋ ಸರಿ. ಆದರೆ ಅದು ಬಡವರಲ್ಲಿ ‘ಯೋಗ್ಯರು’ ಯಾರು, ‘ಅಯೋಗ್ಯರು’ ಯಾರು ಅಂತ ತೂಗುವ ಕೆಲಸವೂ ಆಯಿತು. ನಾಲ್ಕು ಸಂಸ್ಥೆಗಳು ಒಂದು ಮನೆಯ ಬಗ್ಗೆ ಮಾತಾಡಲು ಕೂತರೆ ಈ ಅಪಾಯ ಇವತ್ತಿಗೂ ಇದೆ. ‘ಆ ಯಜಮಾನ ಕುಡೀತಾನೆ’ ಅನ್ನುವ ಮಾತು ಒಂದು ಕಡೆಯಿಂದ ಹೊರಟು ಎಲ್ಲ ಕಡೆ ಮುಟ್ಟುತ್ತದೆ, ಹೆಂಡತಿ ಮಕ್ಕಳಿಗೆ ಬಾಗಿಲು ಮುಚ್ಚುತ್ತದೆ.

ಬಾಸ್ಟನ್ನಿನವರು 20ನೇ ಶತಮಾನದ ಆರಂಭದಲ್ಲಿ ಇದಕ್ಕೆ ಒಂದು ದಾರಿ ಹಿಡಿದಿದ್ದರು. ಎಲ್ಲ ಸಂಸ್ಥೆಗಳಿಗೂ ಸೇರಿ ಕಾರ್ಡುಗಳ ಒಂದು ಸೂಚಿ. ಕಾರ್ಡಿನಲ್ಲಿ ಕುಟುಂಬದ ಗುರುತು, ಆ ಕುಟುಂಬವನ್ನು ಬಲ್ಲ ಸಂಸ್ಥೆಗಳ ಹೆಸರು ಇಷ್ಟೇ. ಮನೆಯ ಕಥೆ ಅದರಲ್ಲಿ ಇಲ್ಲ. ಬೇಕಾದವರು ಆ ಸಂಸ್ಥೆಯನ್ನೇ ಕೇಳಬೇಕು. ನಾನೂ ಇದನ್ನೇ ಮಾಡುತ್ತೇನೆ. ಎಲ್ಲರ ಕೈಗೆ ಹೋಗುವ ಹಾಳೆಯಲ್ಲಿ ಕುಟುಂಬದ ಹೆಸರು ಹಾಕುವುದಿಲ್ಲ, ‘ಈ ಭಾಗದಲ್ಲಿ ಇಷ್ಟು ಮನೆ’ ಅಂತ ಮಾತ್ರ. ಹೆಸರಿರುವ ಪಟ್ಟಿ ಬೇರೆ. ಅದು ಆ ಮನೆಗೆ ಹೋಗುವವರ ಹತ್ತಿರ ಮಾತ್ರ, ಅದೂ ಮನೆಯವರನ್ನು ಕೇಳಿದ ಮೇಲೆ. ವಾಟ್ಸಾಪ್ ಗುಂಪಿಗೆ ಹೆಸರು, ಫೋಟೋ, ಆಸ್ಪತ್ರೆ ಚೀಟಿ ಹಾಕಿದರೆ ಆ ಕ್ಷಣವೇ ತೆಗೆಸಿ. ದಾಕ್ಷಿಣ್ಯ ಬೇಡ.

ಈಗ ಸಭೆ

ಕೆಲಸ ಮೂರೇ: ಎರಡೆರಡು ಸಲ ಆಗುತ್ತಿರುವುದು ಯಾವುದು, ಯಾರೂ ಮಾಡದೇ ಇರುವುದು ಯಾವುದು, ಅದನ್ನು ಯಾರು ಹೊರುತ್ತಾರೆ. ಸ್ವಾಗತ ಭಾಷಣ, ಹಾರ ತುರಾಯಿ ಇಟ್ಟುಕೊಂಡರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ.

ನೆರವು ಪಡೆಯುವವರೂ ಅಲ್ಲಿರಬೇಕು, ಸುಮ್ನೆ ಕೂರಿಸುವುದಕ್ಕಲ್ಲ. ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಭಾಗವಹಿಸುವಿಕೆಯನ್ನು 8 ಮೆಟ್ಟಿಲ ಏಣಿಯಾಗಿ ವಿಂಗಡಿಸಿದರು. ಅಭಿಪ್ರಾಯ ಕೇಳಿ ಕಳಿಸುವುದು ಅದರಲ್ಲಿ ನಾಲ್ಕನೇ ಮೆಟ್ಟಿಲು, ಅವರ ಪ್ರಕಾರ ಬರೀ ತೋರಿಕೆಯ ಗುಂಪಿಗೆ ಸೇರಿದ್ದು. ನನ್ನ ನಿಯಮ: ಪಟ್ಟಿಯಿಂದ ಒಂದು ಕೆಲಸವನ್ನು ಹೊಡೆದು ಹಾಕಿ ಇನ್ನೊಂದನ್ನು ಬರೆಸುವ ಹಕ್ಕು ಅವರಿಗಿರಬೇಕು. ಮತ್ತೆ, ಅವರು ಇಬ್ಬರಾದರೂ ಇರಲಿ. ಒಬ್ಬರೇ ಆದರೆ ಬಾಯಿ ಬಿಡುವುದಿಲ್ಲ. ದಿನಗೂಲಿಯವರಿಗೆ ಆಗುವ ಹೊತ್ತಿಗೇ ಸಭೆ ಇಡಿ, ಅಧಿಕಾರಿಗಳು ಅದಕ್ಕೆ ಹೊಂದಿಕೊಳ್ಳಲಿ.

ಒಬ್ಬರಿಗೆ ಎಷ್ಟು ಮನೆ?

ಉತ್ಸಾಹದಲ್ಲಿ ಯುವಕರು ‘ಇಡೀ ಬಡಾವಣೆ ನಮಗೆ ಬಿಡಿ’ ಅನ್ನುತ್ತಾರೆ. ಬಿಡಬೇಡಿ. ಜರ್ಮನಿಯ ಎಲ್ಬರ್‌ಫೆಲ್ಡ್ ಪಟ್ಟಣ 1853ರಲ್ಲಿ ಊರನ್ನು ಸಣ್ಣ ಸಣ್ಣ ಭಾಗ ಮಾಡಿ, ಸಂಬಳವಿಲ್ಲದ ಸ್ವಯಂಸೇವಕರಿಗೆ ಹಂಚಿತು. ಒಬ್ಬರಿಗೆ ಹೆಚ್ಚೆಂದರೆ 4 ಪ್ರಕರಣ, ಅಂದರೆ ನೆರವು ಬೇಕಾದ ನಾಲ್ಕು ಕುಟುಂಬ ಅಥವಾ ವ್ಯಕ್ತಿಗಳು. 15 ದಿನಕ್ಕೊಮ್ಮೆ ಅವರೆಲ್ಲ ಕೂತು ಮಾತಾಡಬೇಕು. ಬೇರೆ ಊರುಗಳು ಅದನ್ನು ನೋಡಿ ಕಲಿತವು. ಜಪಾನಿನ ಒಸಾಕಾದಲ್ಲಿ 1918ರಲ್ಲಿ ಇಂಥದೇ ಒಂದು ಪದ್ಧತಿ ಶುರುವಾಯಿತು, ಅದರಿಂದ ಬೆಳೆದ ಸಂಬಳವಿಲ್ಲದ ಕಲ್ಯಾಣ ಸ್ವಯಂಸೇವಕರು ಇವತ್ತಿಗೂ ಅಲ್ಲಿದ್ದಾರೆ, 3 ವರ್ಷದ ಅವಧಿಗೆ.

ಆದರೆ ಬರೀ ಸ್ವಯಂಸೇವಕರಿಂದ ಎಲ್ಲವೂ ಆಗಲಿಲ್ಲ. ಪಟ್ಟಣಗಳು ಬೆಳೆದ ಮೇಲೆ, 1905ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸಂಬಳದ ನೌಕರರನ್ನು ಇಟ್ಟು ಕೆಲಸ ಹಂಚಿಕೊಂಡರು. ಹಾಗಾಗಿ ಹಾಳೆ ನೋಡಿಕೊಳ್ಳುವ, ಫೋನ್ ಮಾಡುವ ಒಬ್ಬರಿಗಾದರೂ ಸಂಬಳ ಕೊಡಿಸಿ. ಆ ಸಂಬಳಕ್ಕೆ ಯಾರೂ ದಾನ ಕೊಡುವುದಿಲ್ಲ, ಬ್ಯಾಗಿಗೆ ಕೊಡುತ್ತಾರೆ. ಇದು ನನ್ನ ಹಳೇ ತಕರಾರು.

ದುಡ್ಡು, ಬ್ಯಾನರ್

ಮೊದಲ ವರ್ಷ ಎಲ್ಲರ ದುಡ್ಡನ್ನೂ ಒಂದೇ ಖಾತೆಗೆ ಹಾಕಬೇಡಿ. ಅವರವರ ದುಡ್ಡು ಅವರವರ ಹತ್ತಿರ ಇರಲಿ, ದಿನಾಂಕಗಳನ್ನು ಮಾತ್ರ ಹೊಂದಿಸಿ. ಬ್ಯಾನರಿನಲ್ಲಿ ಹೆಸರು ಅಕ್ಷರಕ್ರಮದಲ್ಲಿ, ಒಂದೇ ಅಳತೆಯಲ್ಲಿ. ನಗಬೇಡಿ, ನಾನು ಕಂಡ ಒಂದು ಒಕ್ಕೂಟ ಮುರಿದದ್ದು ಲೋಗೋ ಸಣ್ಣದಾಯಿತು ಅಂತ.

ಒಪ್ಪಂದ ಒಂದು ಪುಟ ಸಾಕು. ಯಾರು, ಏನು, ಯಾವಾಗ. ಕೊನೆಗೆ ಒಂದು ಸಾಲು ಖಂಡಿತ ಇರಲಿ: ‘ಮಾಡಲಾಗದಿದ್ದರೆ ಎಷ್ಟು ದಿನ ಮುಂಚೆ, ಯಾರಿಗೆ ತಿಳಿಸುತ್ತೇವೆ’. ಸಂಘಗಳು ಬಿಟ್ಟು ಹೋಗುತ್ತವೆ, ಅದಕ್ಕೆ ಜಗಳ ಬೇಡ. ಬಿಡುವ ಮುಂಚೆ ಅವರ ಕಾರ್ಯಕರ್ತೆ ಹೊಸಬರನ್ನು ಕರೆದುಕೊಂಡು ತನ್ನ ಮನೆಗಳಿಗೆಲ್ಲ ಒಂದು ಸುತ್ತು ಹೋಗಿ ಪರಿಚಯ ಮಾಡಿಸಿಕೊಡಲಿ. ಆಮೇಲೆ ಹಾಳೆಯಲ್ಲಿ ಹೆಸರು ಬದಲಿಸಿ.