ಕಾಂಗ್ ‘ಬಂತೋ’, ‘ಬಂದನೋ’?

ಅಕ್ಕನ ಮಗನಿಗೆ ಹತ್ತು ವರ್ಷ. ಬೇಸಿಗೆ ರಜೆಗೆ ನಮ್ಮನೆಗೆ ಬಂದಿದ್ದ. ಒಂದು ರಾತ್ರಿ 1933ರ ‘ಕಿಂಗ್ ಕಾಂಗ್’ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡೆ. ಹತ್ತು ನಿಮಿಷಕ್ಕೆ ಎದ್ದುಬಿಟ್ಟ. “ಮಾಮ, ಇದ್ರಲ್ಲಿ ಬಣ್ಣಾನೂ ಇಲ್ಲ, ಗೊರಿಲ್ಲಾನೂ ಇಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ನೂರು ನಿಮಿಷದ ಸಿನಿಮಾದಲ್ಲಿ ಕಾಂಗ್ ಮುಖ ತೋರಿಸುವಷ್ಟರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಆಗಿರುತ್ತದೆ. “ಸರಿ, ನೋಡಬೇಡ. ನಾನೇ ಕಥೆ ಬರೆದು ಓದಿ ಹೇಳ್ತೀನಿ” ಅಂದೆ. ರೋಷಕ್ಕೆ ಆಡಿದ ಮಾತು. ಅದು ನನ್ನ ಒಂದೂವರೆ ತಿಂಗಳು ತಿಂದುಹಾಕಿತು.

ಸಿನಿಮಾವನ್ನು ಕಾದಂಬರಿ ಮಾಡುವುದು ನನ್ನ ಹೊಸ ಐಡಿಯಾ ಏನಲ್ಲ. ಕಿಂಗ್ ಕಾಂಗಿಗೇ ಅದು ಆಗಿದೆ, ಅದೂ ಸಿನಿಮಾ ಬರುವ ಮೊದಲೇ. ಡೆಲೋಸ್ ಲವ್‌ಲೇಸ್ ಎಂಬ ಅಮೆರಿಕದ ಪತ್ರಕರ್ತರು ಬರೆದ ಪುಸ್ತಕ 1932ರ ಡಿಸೆಂಬರಿನಲ್ಲೇ ಹೊರಬಂತು. ನ್ಯೂಯಾರ್ಕಿನಲ್ಲಿ ಸಿನಿಮಾ ತೆರೆ ಕಂಡದ್ದು 1933ರ ಮಾರ್ಚ್ 2ಕ್ಕೆ. ಜನಕ್ಕೆ ಮೊದಲೇ ರುಚಿ ಹತ್ತಿಸಲು ತಂದ ಪುಸ್ತಕ ಅದು. ಬರೆದವರ ಕೈಲಿದ್ದದ್ದು ಚಿತ್ರಕಥೆ, ಸಿನಿಮಾ ಅಲ್ಲ. ಹಾಗಾಗಿ ಅಲ್ಲಲ್ಲಿ ಎರಡಕ್ಕೂ ತಾಳೆ ಆಗುವುದಿಲ್ಲ. ಹಡಗಿನ ಹೆಸರೇ ಬೇರೆ. ಸಿನಿಮಾದಲ್ಲಿ ವೆಂಚರ್, ಪುಸ್ತಕದಲ್ಲಿ ವಾಂಡರರ್. ನನಗೆ ಅವರಿಗಿಂತ ಅನುಕೂಲ ಜಾಸ್ತಿ ಅಂದುಕೊಂಡೆ. ಸಿನಿಮಾ ಲ್ಯಾಪ್‌ಟಾಪಿನಲ್ಲೇ ಇತ್ತು. ಬೇಕಾದಲ್ಲಿ ನಿಲ್ಲಿಸಬಹುದಿತ್ತು.

ಹಾಗೆ ನಿಲ್ಲಿಸಿದ್ದೇ ತಪ್ಪಾಯಿತು. ನಿಲ್ಲಿಸಿದಲ್ಲೆಲ್ಲ ಕಂಡದ್ದನ್ನು ಬರೆದೆ. ದೂರದ ದ್ವೀಪಕ್ಕೆ ಸಿನಿಮಾ ತೆಗೆಯಲು ಹೊರಟ ಡೆನ್ಹಮ್ ಹಡಗು ಹತ್ತಿದ. ಬಾಗಿಲು ತೆರೆದ. ಕುರ್ಚಿಯಲ್ಲಿ ಕೂತ. ಹನ್ನೊಂದು ಪುಟ ಆದ ಮೇಲೆ ಓದಿ ನೋಡಿದರೆ ಪೊಲೀಸರು ಬರೆದ ಮಹಜರಿನ ಹಾಗಿತ್ತು. ಎಲ್ಲ ಹರಿದು ಹಾಕಿದೆ. ಆಮೇಲೆ ದಾರಿ ಬದಲಾಯಿಸಿದೆ. ಒಂದು ದೃಶ್ಯವನ್ನು ಒಂದೇ ಸಲ ನೋಡುವುದು, ಲ್ಯಾಪ್‌ಟಾಪ್ ಮುಚ್ಚುವುದು, ಕಾಫಿ ಮಾಡಿಕೊಂಡು ಕುಡಿಯುವುದು. ಅಷ್ಟಾದ ಮೇಲೂ ತಲೆಯಲ್ಲಿ ಉಳಿದದ್ದನ್ನು ಮಾತ್ರ ಬರೆಯುವುದು. ಡೆನ್ಹಮ್ ಕೂತ ಕುರ್ಚಿ ಯಾವತ್ತೂ ಉಳಿಯಲಿಲ್ಲ. ಹಸಿದ ನಾಯಕಿ ಆನ್ ಹಣ್ಣಿನಂಗಡಿಯ ಸೇಬಿಗೆ ಕೈ ಚಾಚಿ ಸಿಕ್ಕಿಬಿದ್ದದ್ದು ಉಳಿಯಿತು.

ಸಂಗೀತದಿಂದ ಒಂದು ಪಾಠ ಸಿಕ್ಕಿತು. ಮ್ಯಾಕ್ಸ್ ಸ್ಟೈನರ್ ಅವರ ಸಂಗೀತಕ್ಕೆ ದೊಡ್ಡ ಹೆಸರು. ಆದರೆ ಟೈಟಲ್ ಮುಗಿದ ಮೇಲೆ ಬಹಳ ಹೊತ್ತು ಸಂಗೀತವೇ ಇಲ್ಲ. ನ್ಯೂಯಾರ್ಕಿನ ಬೀದಿ, ಹಡಗು, ಎಲ್ಲ ಬರೀ ಮಾತು. ಕಾಂಗ್ ಇರುವ ದ್ವೀಪದ ಹತ್ತಿರ ಹಡಗು ಮಂಜಿನೊಳಗೆ ಹೊಕ್ಕಾಗ ಮೆಲ್ಲಗೆ ಶುರುವಾಗುತ್ತದೆ. ನಾನೂ ಹಾಗೇ ಮಾಡಿದೆ. ಮಂಜು ಬರುವ ತನಕ ಒಂದೇ ಒಂದು ಹೋಲಿಕೆ ಬರೆಯಲಿಲ್ಲ. ‘ಹಾಗೆ’, ‘ಅಂತೆ’ ಕಂಡಲ್ಲೆಲ್ಲ ಹೊಡೆದು ಹಾಕಿದೆ. ಮಂಜು ಬಂದ ಮೇಲೆ ಬಿಟ್ಟೆ ನೋಡಿ, ಧಾರಾಳವಾಗಿ.

ದ್ವೀಪದ ಜನರನ್ನು ಸಿನಿಮಾ ತೋರಿಸುವ ರೀತಿ ನನಗೆ ಸರಿ ಕಾಣಲಿಲ್ಲ. ಕೂಗಾಡುವ ಗುಂಪು, ಅಷ್ಟೇ. ರಾತ್ರಿ ಗೋಡೆ ಮೇಲೆ ಕಾವಲು ಕೂರುವ ಒಬ್ಬ ಮುದುಕನನ್ನು ನಾನೇ ಸೇರಿಸಿದೆ. ಆ ಗೋಡೆ ವಿಷಯಕ್ಕೇ ಅಳಿಯ ನನ್ನನ್ನು ಹಿಡಿದ. “ಕಾಂಗ್ ಒಳಗೆ ಬರಬಾರದು ಅಂತ ತಾನೆ ಗೋಡೆ ಕಟ್ಟಿದ್ದು? ಮತ್ತೆ ಕಾಂಗ್ ಹಿಡಿಸುವಷ್ಟು ದೊಡ್ಡ ಬಾಗಿಲು ಯಾಕಿಟ್ರು?” ನಾಳೆ ಹೇಳ್ತೀನಿ ಅಂದೆ.

ನಿಜವಾದ ಕಷ್ಟ ಶುರುವಾದದ್ದು ಕಾಂಗ್ ಬಂದ ಮೇಲೆ. ಅಲ್ಲಾ, ‘ಬಂದ’ ಮೇಲೋ, ‘ಬಂತು’ ಅನ್ನಬೇಕೋ? ಇಂಗ್ಲಿಷಿನವರು ಬರೀ ಸರ್ವನಾಮ ಆರಿಸಿಕೊಂಡರೆ ಸಾಕು, ಕ್ರಿಯಾಪದ ಹಾಗೇ ಇರುತ್ತದೆ. ಕನ್ನಡದಲ್ಲಿ ಅದನ್ನು ಬಚ್ಚಿಡಲು ಜಾಗವೇ ಇಲ್ಲ. ‘ಅದು’, ‘ಅವನು’ ಎರಡನ್ನೂ ಬಿಟ್ಟು ಬರೆದರೂ ವಾಕ್ಯದ ಕೊನೆಯಲ್ಲಿ ಸಿಕ್ಕಿಬೀಳುತ್ತೀರಿ. ಗರ್ಜಿಸಿತು, ಗರ್ಜಿಸಿದ. ಎತ್ತಿಕೊಂಡಿತು, ಎತ್ತಿಕೊಂಡ.

ಮೊದಲು ಪೂರ್ತಿ ‘ಅವನು’ ಅಂತ ಬರೆದೆ. ಭಯವೇ ಹುಟ್ಟಲಿಲ್ಲ. ಯಾರೋ ಪಕ್ಕದೂರಿನ ಪೈಲ್ವಾನ ಕಾಡಿನಿಂದ ಬಂದ ಹಾಗಿತ್ತು. ಆಮೇಲೆ ಪೂರ್ತಿ ‘ಅದು’ ಮಾಡಿದೆ. ಕಾಡಿನ ಭಾಗ ಚೆನ್ನಾಗಿ ಬಂತು. ಆದರೆ ಹಿಡಿದು ನ್ಯೂಯಾರ್ಕಿಗೆ ತಂದ ಕಾಂಗ್ ಎಂಪೈರ್ ಸ್ಟೇಟ್ ಕಟ್ಟಡದ ತುದಿಗೆ ಬಂದಾಗ ಕಥೆ ಸತ್ತುಹೋಯಿತು. ಗುಂಡೇಟು ತಿಂದ ಕಾಂಗ್ ಎದೆ ಮುಟ್ಟಿಕೊಂಡು ಬೆರಳಿಗೆ ಹತ್ತಿದ ರಕ್ತವನ್ನು ನೋಡುವ ಒಂದು ಕ್ಷಣ ಇದೆ. ಅಲ್ಲಿ ‘ನೋಡಿಕೊಂಡಿತು’ ಅಂತ ಬರೆಯಲು ನನಗೆ ಕೈಯೇ ಏಳಲಿಲ್ಲ.

ದಾರಿ ತೋರಿಸಿದ್ದು ದಿನಪತ್ರಿಕೆ. ಕಾಡಾನೆ ಯಾವಾಗಲೂ ತೋಟಕ್ಕೆ ‘ನುಗ್ಗಿತು’. ಆದರೆ ದಸರಾದಲ್ಲಿ ಅಭಿಮನ್ಯು ಅಂಬಾರಿ ಹೊತ್ತು ‘ಸಾಗಿದ’. ಅದೇ ಆನೆ ಜಾತಿ, ಅದೇ ಪೇಪರು. ಹೆಸರಿಟ್ಟು ಪರಿಚಯ ಆದ ಮೇಲೆ ಕ್ರಿಯಾಪದ ತಾನಾಗಿ ಬದಲಾಗುತ್ತದೆ. ಯಾರೂ ತಪ್ಪು ಅನ್ನುವುದಿಲ್ಲ. ಹಾಗಾದರೆ ಕಾಂಗ್ ಕೂಡ ಕಥೆಯ ನಡುವೆ ಎಲ್ಲೋ ‘ಅದು’ ಬಿಟ್ಟು ‘ಅವನು’ ಆಗಬೇಕು. ಎಲ್ಲಿ?

ನಾಲ್ಕು ದಿನ ಹುಡುಕಿದೆ. ಕಟ್ಟಡದ ತುದಿ ಬಹಳ ತಡ ಆಯಿತು. ಆನ್‌ಳನ್ನು ಮೊದಲ ಸಲ ಎತ್ತಿಕೊಳ್ಳುವ ಜಾಗ ಬಹಳ ಬೇಗ. ಕೊನೆಗೆ ಸಿಕ್ಕಿದ್ದು ಟೈರಾನೋಸಾರಸ್ ಜೊತೆ ಕಾದಾಡಿದ ಮೇಲಿನ ಗಳಿಗೆ. ಕಾಂಗ್ ಅದರ ದವಡೆ ಮುರಿದು ಕೊಂದು ಹಾಕುತ್ತದೆ. ಆಮೇಲೆ ಸುಮ್ನೆ ಬಗ್ಗಿ, ಮುರಿದ ದವಡೆಯನ್ನು ಹಿಡಿದು ಅಲ್ಲಾಡಿಸಿ ನೋಡುತ್ತದೆ. ಹೊಸ ಆಟದ ಸಾಮಾನು ಸಿಕ್ಕ ಮಗುವಿನ ಥರ. ನಾನು ಬರೆದದ್ದು ಹೀಗೆ:

“ಸದ್ದು ನಿಂತಿತು. ಕಾಂಗ್ ಬಗ್ಗಿ ಸತ್ತ ಪ್ರಾಣಿಯ ದವಡೆ ಹಿಡಿದು ಎತ್ತಿತು. ಬಿಟ್ಟಿತು. ದವಡೆ ತಪ್ಪನೆ ಮುಚ್ಚಿಕೊಂಡಿತು. ಮತ್ತೆ ಎತ್ತಿದ. ಮತ್ತೆ ಬಿಟ್ಟ.”

ಓದುವಾಗ ಅಳಿಯ ತಡೆದ. “ಮಾಮ, ತಪ್ಪು ಓದಿದೆ.” ಇಲ್ಲ ಅಂದೆ. ಪುಸ್ತಕ ಕಿತ್ತುಕೊಂಡು ತಾನೇ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಓ, ಆಟ ಆಡ್ತಿದ್ದಾನಲ್ವಾ” ಅಂದ. ನನಗೆ ಸಾಕಾಯಿತು.

ಇಷ್ಟೆಲ್ಲ ಜೀವ ಇರುವ ಕಾಂಗ್ ಅಸಲಿಗೆ ಒಂದೂವರೆ ಅಡಿಯ ಬೊಂಬೆ. ಒಳಗೆ ಲೋಹದ ಅಸ್ಥಿಪಂಜರ, ಮೇಲೆ ಮೊಲದ ತುಪ್ಪಳ. ವಿಲಿಸ್ ಓಬ್ರಯನ್ ಅವರ ತಂಡ ಒಂದೊಂದು ಚೌಕಟ್ಟಿಗೂ ಕೈಯಿಂದ ಚೂರು ಚೂರು ಕದಲಿಸಿ ಚಿತ್ರ ತೆಗೆಯಿತು. ಬೆರಳು ತಾಗಿದಲ್ಲೆಲ್ಲ ತುಪ್ಪಳ ಕದಡಿತು. ಹಾಗಾಗಿ ತೆರೆ ಮೇಲೆ ಕಾಂಗಿನ ಕೂದಲು ಸದಾ ಕುದಿಯುತ್ತಿರುತ್ತದೆ. ಅದೊಂದು ದೋಷ. ನಾನು ಅದನ್ನೂ ಬಿಡಲಿಲ್ಲ: “ಗಾಳಿ ಇರಲಿಲ್ಲ. ಆದರೂ ಅದರ ಮೈಕೂದಲು ಅಲುಗಾಡುತ್ತಿತ್ತು.” ಎತ್ತರದ್ದೂ ಒಂದು ತಮಾಷೆ. ದ್ವೀಪದಲ್ಲಿ 18 ಅಡಿ ಇರುವ ಕಾಂಗ್ ನ್ಯೂಯಾರ್ಕಿಗೆ ಬಂದಾಗ 24 ಅಡಿ. ದೊಡ್ಡ ಕಟ್ಟಡಗಳ ನಡುವೆ ಸಣ್ಣದಾಗಿ ಕಾಣಬಾರದು ಅಂತ ಬೆಳೆಸಿದರು. ಕಣ್ಣು ಅದನ್ನು ಗಮನಿಸುವುದಿಲ್ಲ. ಬರಹದಲ್ಲಿ ಅಡಿ ಲೆಕ್ಕ ಕೊಟ್ಟರೆ ಮಕ್ಕಳು ಬಿಡುವುದಿಲ್ಲ. ಅದಕ್ಕೆ ‘ಮಹಡಿ ಕಿಟಕಿಯಲ್ಲಿ ಇಣುಕುವಷ್ಟು’ ಅಂತ ಬರೆದು ಜಾರಿಕೊಂಡೆ.

ಒಂದು ಕಡೆ ಮಾತ್ರ ಲವ್‌ಲೇಸ್ ಅವರ ಪುಸ್ತಕ ನೋಡಿ ಆಸೆಪಟ್ಟೆ. ಕಂದಕಕ್ಕೆ ಅಡ್ಡ ಬಿದ್ದ ಮರದ ದಿಮ್ಮಿಯನ್ನು ಕಾಂಗ್ ಅಲ್ಲಾಡಿಸಿ ನಾವಿಕರನ್ನು ಕೆಳಗೆ ಕೆಡವುತ್ತದಲ್ಲ, ಕೆಳಗೆ ದೈತ್ಯ ಜೇಡಗಳು ಕಾಯುತ್ತಿದ್ದವು. ಪುಸ್ತಕದಲ್ಲಿ ಇದೆ, ಸಿನಿಮಾದಲ್ಲಿ ಇಲ್ಲ. ಚಿತ್ರೀಕರಿಸಿದ್ದನ್ನು ನಿರ್ದೇಶಕ ಮೇರಿಯನ್ ಕೂಪರ್ ಅವರೇ ಕತ್ತರಿಸಿ ತೆಗೆದರು, ಕಥೆಯ ಓಟ ನಿಲ್ಲುತ್ತದೆ ಅಂತ. ಆ ತುಣುಕು ಮತ್ತೆ ಸಿಕ್ಕಿಲ್ಲ. ನಾನು ಹುರುಪಿನಿಂದ ಐದು ಪುಟ ಜೇಡ ಬರೆದೆ. ಅಳಿಯ ಕಣ್ಣರಳಿಸಿ ಕೇಳಿದ. ಮೂರನೇ ಪುಟಕ್ಕೆ, “ಅದಿರಲಿ, ಆ ಹುಡುಗಿ ಎಲ್ಲಿ?” ಅಂದ. ಐದು ಪುಟ ಹೋಗಿ ಎರಡು ವಾಕ್ಯ ಉಳಿಯಿತು.

ಕೊನೆಯ ಪುಟದಲ್ಲಿ ನಾನು ಕಾಂಗನ್ನು ಪೂರ್ತಿ ‘ಅವನು’ ಅಂತಲೇ ಕರೆದಿದ್ದೇನೆ. ಆದರೆ ಬೀದಿಯಲ್ಲಿ ಹೆಣದ ಸುತ್ತ ನಿಂತ ಪೊಲೀಸರು, ಡೆನ್ಹಮ್, ಎಲ್ಲರ ಬಾಯಲ್ಲೂ ‘ಅದು’. ವಿಮಾನಗಳು ‘ಅದನ್ನು’ ಹೊಡೆದು ಕೆಡವಿದವು ಅನ್ನುತ್ತಾನೆ ಪೊಲೀಸಿನವನು. ಆ ಪುಟವನ್ನು ಅಳಿಯನೇ ಗಟ್ಟಿಯಾಗಿ ಓದಿದ. ಆ ಮಾತು ಬಂದಾಗ ಎಡವಿ ನಿಂತ. “ಇವನಿಗೆ ಇನ್ನೂ ಗೊತ್ತಾಗಿಲ್ವಾ?” ಅಂದ. ಇಲ್ಲ, ಅವನಿಗೆ ಯಾರೂ ಕಥೆ ಓದಿ ಹೇಳಿಲ್ಲ ಅಂದೆ.

ರಜೆ ಮುಗಿದು ಊರಿಗೆ ಹೋದ. ಹೋದ ವಾರ ಫೋನ್ ಮಾಡಿದ್ದ. ಆ ಬಾಗಿಲು ಯಾಕಿಟ್ಟರು ಅಂತ ಇನ್ನೂ ಕೇಳುತ್ತಿದ್ದಾನೆ.