ಕಚೇರಿಯ ಬೀಗ ಬೇರೆ, ಮನೆಯ ಬೀಗ ಬೇರೆ

ಹಿಂದಿನ ಕೆಲಸ ಬಿಟ್ಟ ದಿನ ಸಂಜೆಯೇ ಕಚೇರಿ ಕೊಟ್ಟಿದ್ದ ನನ್ನ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೆಡೆ ಬೀಗ ಹಾಕಿ ಇಡುವ ಆ್ಯಪ್) ಖಾತೆ ಮುಚ್ಚಿತು. ಜಯನಗರದ ಮನೆಯ ಬೆಸ್ಕಾಂ ಬಿಲ್, ಕಾವೇರಿ ನೀರಿನ ಬಿಲ್, ಅಮ್ಮನ ಪಿಂಚಣಿಯ ಬ್ಯಾಂಕ್, ಎಲ್ಲದರ ಪಾಸ್‌ವರ್ಡ್‌ಗಳೂ ಅದರೊಳಗೇ ಇದ್ದವು. ಮತ್ತೆ ಪಡೆಯಲು ಎರಡು ವಾರ ಹಿಡಿಯಿತು. "ಯಾರದೋ ಬೀರುವಿನಲ್ಲಿ ನಮ್ಮ ಒಡವೆ ಇಟ್ಟ ಹಾಗಾಯಿತು" ಎಂದು ಅಮ್ಮ ನೊಂದುಕೊಂಡರು.

ಆದ್ದರಿಂದ ಮನೆಯ ಖಾತೆಯನ್ನು ಸ್ವಂತ ಇಮೇಲ್‌ನಿಂದಲೇ ತೆರೆಯಿರಿ. ಕಚೇರಿಯ ವಿಳಾಸ ಬೇಡವೇ ಬೇಡ. ಈ ಖಾತೆಯನ್ನೇ ತೆರೆಯುವ ಮುಖ್ಯ ಪಾಸ್‌ವರ್ಡ್ ಮನೆಗೆ ಬೇರೆ, ಕಚೇರಿಗೆ ಬೇರೆ ಇರಲಿ. ನಾನು ಈಗ ಬಳಸುವ ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಒಂದೇ ಆ್ಯಪ್‌ನೊಳಗೆ 5 ಖಾತೆಗಳವರೆಗೆ ಇಟ್ಟುಕೊಂಡು ಬದಲಾಯಿಸಬಹುದು. ಆದರೂ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಬ್ರೌಸರ್‌ನ ಎರಡು ಪ್ರೊಫೈಲ್ ಮಾಡಿ, ಒಂದೊಂದರಲ್ಲಿ ಒಂದೊಂದು ಖಾತೆ ತೆರೆಯುವುದೇ ಮೇಲು. ಹೊಸ ಪಾಸ್‌ವರ್ಡ್ ಉಳಿಸುವ ಅವಸರದಲ್ಲಿಯೇ ಕೈ ತಪ್ಪಿ ಅದು ಇನ್ನೊಂದು ಖಾತೆಗೆ ಸೇರುವುದು. ಕಚೇರಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಂತೂ ಮನೆಯ ಖಾತೆ ತೆರೆಯಬೇಡಿ.

ಹಳೆಯ ಖಾತೆಯ ಪಾಸ್‌ವರ್ಡ್‌ಗಳನ್ನು ಹೊಸದಕ್ಕೆ ಸಾಗಿಸುವಾಗ ಎಚ್ಚರ: ಅದಕ್ಕಾಗಿ ಇಳಿಸಿಕೊಳ್ಳುವ ಸಿಎಸ್‌ವಿ (ಸಾದಾ ಪಟ್ಟಿಯ) ಕಡತದಲ್ಲಿ ಪಾಸ್‌ವರ್ಡ್‌ಗಳು ಯಾರಾದರೂ ಓದುವಂತೆ ಇರುತ್ತವೆ. ಕೆಲಸ ಮುಗಿದೊಡನೆ ಅಳಿಸಿ, ರೀಸೈಕಲ್ ಬಿನ್‌ನಿಂದಲೂ. ಹತ್ತಿಪ್ಪತ್ತೇ ಇದ್ದರೆ ಕೈಯಿಂದಲೇ ತುಂಬಿ.

ಮನೆಯ ಮುಖ್ಯ ಪಾಸ್‌ವರ್ಡ್ ಮರೆತರೆ ಬಿಟ್‌ವಾರ್ಡನ್‌ನವರೂ ಹೇಳಲಾರರು. ನಮ್ಮದನ್ನು ಕಾಗದದಲ್ಲಿ ಬರೆದು ಅಮ್ಮನ ಒಡವೆಯ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಅದು ಎಲ್ಲಿದೆ ಎಂದು ತಂಗಿಗೂ ಗೊತ್ತು.