ಕರಡಿ ಡಬ್ಬಿಯಲ್ಲಿ ಊಟ ತುಂಬುವುದು: ಯೊಸೆಮಿಟಿಯಲ್ಲಿ ನಾನು ಮಾಡುವ ರೀತಿ

ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ರಾತ್ರಿ ಉಳಿಯಬೇಕು ಅಂದರೆ ಪರ್ಮಿಟ್ ಜೊತೆಗೆ ಕರಡಿ ಡಬ್ಬಿಯೂ, ಅಂದರೆ ಕರಡಿಗೆ ತೆರೆಯಲಾಗದ ಗಟ್ಟಿ ಊಟದ ಡಬ್ಬಿಯೂ ಇರಲೇಬೇಕು. ಊಟದ ಚೀಲಕ್ಕೆ ಹಗ್ಗ ಕಟ್ಟಿ ಮರಕ್ಕೆ ನೇತುಹಾಕುವ ಹಳೇ ಪದ್ಧತಿಗೆ ಅಲ್ಲಿ ಅನುಮತಿಯೇ ಇಲ್ಲ, ಯಾಕಂದರೆ ಆ ಚೀಲ ಇಳಿಸಿಕೊಳ್ಳುವುದನ್ನು ಕರಡಿಗಳು ಕಲಿತುಬಿಟ್ಟಿವೆ. ಸ್ವಂತ ಡಬ್ಬಿ ಇಲ್ಲದಿದ್ದರೆ ಪರ್ಮಿಟ್ ಕೊಡುವ ಕಡೆಯೇ ಬಾಡಿಗೆಗೆ ಸಿಗುತ್ತದೆ.

ನನ್ನದು ಬೇರ್‌ವಾಲ್ಟ್ ಕಂಪನಿಯ ಬಿವಿ500 ಅನ್ನುವ ಪ್ಲಾಸ್ಟಿಕ್ ಡಬ್ಬಿ. ಸುಮಾರು 11.5 ಲೀಟರ್ ಜಾಗ, ಖಾಲಿ ಇದ್ದಾಗಲೇ ಒಂದು ಕಿಲೋಗಿಂತ ಜಾಸ್ತಿ ಭಾರ. ಎಲ್ಲರೂ ಆ ಭಾರದ ಬಗ್ಗೆನೇ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಯೋಚಿಸಬೇಕಾದ್ದು ಜಾಗದ ಬಗ್ಗೆ. ಡಬ್ಬಿ ಎಷ್ಟೇ ಗಟ್ಟಿ ಇರಲಿ, ಒಳಗೆ ಹಿಡಿಸದೆ ಹೊರಗೆ ಉಳಿದ ಒಂದೇ ಒಂದು ಪೊಟ್ಟಣ ಸಾಕು, ಕರಡಿ ಟೆಂಟಿನ ಹತ್ತಿರ ಬರುವುದಕ್ಕೆ.

ಹಾಗಾಗಿ ಅರ್ಧ ಕೆಲಸ ಅಡುಗೆಮನೆಯಲ್ಲೇ ಮುಗಿಯಬೇಕು. ಮಂಡಕ್ಕಿ, ಚಕ್ಕುಲಿ, ಕೋಡುಬಳೆ ಬೇಡ, ಅವುಗಳ ಜೊತೆ ನಾವು ಹೊರುವುದು ಬರೀ ಗಾಳಿ. ಗೊಜ್ಜವಲಕ್ಕಿ ನನಗೆ ತುಂಬ ಅನುಕೂಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಒಣಕೊಬ್ಬರಿ, ಹುರಿದ ಶೇಂಗಾ ಬೆರೆಸಿ ಒಂದು ಹೊತ್ತಿಗೆ ಒಂದು ಜಿಪ್ ಚೀಲದಂತೆ ತುಂಬುತ್ತೇನೆ, ಅಲ್ಲಿ ಬಿಸಿನೀರು ಹಾಕಿ ಮುಚ್ಚಿಟ್ಟರೆ ಊಟ ರೆಡಿ. ಹುರಿದ ರವೆ, ಹುರಿಹಿಟ್ಟು ಕೂಡ ಹೀಗೇ. ಪ್ರತಿ ಚೀಲದ ಗಾಳಿಯನ್ನೂ ಒತ್ತಿ ತೆಗೆದು ಚಪ್ಪಟೆ ಮಾಡುತ್ತೇನೆ. ಕೊನೇ ದಿನದ್ದು ತಳಕ್ಕೆ, ಮೊದಲ ದಿನದ್ದು ಮೇಲೆ. ಚಪಾತಿಯನ್ನು ಡಬ್ಬಿಯ ಒಳಗೋಡೆಗೆ ಆನಿಸಿ ಬಗ್ಗಿಸಿ ನಿಲ್ಲಿಸಿದರೆ ನಡುವಿನ ಜಾಗ ಹಾಗೇ ಉಳಿಯುತ್ತದೆ. ಸಂದಿಗಳಿಗೆ ಚಟ್ನಿಪುಡಿಯ ಸಣ್ಣ ಪೊಟ್ಟಣಗಳು.

ಆದರೆ ಪೂರ್ತಿ ತುಂಬಬೇಡಿ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಲಿಪ್ ಬಾಮ್, ಕಸದ ಚೀಲ, ಎಲ್ಲವೂ ರಾತ್ರಿ ಒಳಗೇ ಹೋಗಬೇಕು. ಕರಡಿಗೆ ತಿನ್ನುವುದು ಯಾವುದು ಅನ್ನುವುದಕ್ಕಿಂತ ವಾಸನೆ ಮುಖ್ಯ. ನಮ್ಮ ಇಂಗು, ಒಗ್ಗರಣೆಯ ಘಮ ಎಷ್ಟು ದೂರ ಹೋಗುತ್ತದೆ ಅಂತ ಗೊತ್ತಲ್ವಾ? ಡಬ್ಬಿ ವಾಸನೆಯನ್ನು ತಡೆಯುವುದಿಲ್ಲ, ಕರಡಿಯ ಬಾಯಿಗೆ ಊಟ ಸಿಗದಂತೆ ಮಾಡುತ್ತದೆ ಅಷ್ಟೇ. ಅದು ದಪ್ಪಗೆ, ದುಂಡಗೆ, ನುಣುಪಾಗಿದೆ, ಹಲ್ಲಿಗೂ ಉಗುರಿಗೂ ಹಿಡಿತ ಸಿಗುವುದಿಲ್ಲ.

ಮುಚ್ಚುವ ಮೊದಲು ತಿರುಪಿನ ಸುತ್ತ ಬೆರಳಾಡಿಸಿ ನೋಡುತ್ತೇನೆ. ಒಂದು ರವೆ ಕಾಳು ಸಿಕ್ಕಿಕೊಂಡರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಚಳಿಯ ಬೆಳಿಗ್ಗೆ ಪ್ಲಾಸ್ಟಿಕ್ ಬಿಗಿದು, ಮುಚ್ಚಳ ತೆರೆಯಲು ಒತ್ತುವ ಗುಬುಟು ಬಗ್ಗದೇ ಇದ್ದಾಗ ಅದರ ಅಡಿಗೆ ಹಳೇ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ತಿರುಗಿಸಿದರೆ ಬಿಡುತ್ತದೆ.

ರಾತ್ರಿ ಡಬ್ಬಿಯನ್ನು ಟೆಂಟಿನಿಂದ ಒಂದು 30 ಮೀಟರ್ ಆಚೆ ಸಮನಾದ ನೆಲದ ಮೇಲೆ ಇಡುತ್ತೇನೆ. ಹೊಳೆ, ಇಳಿಜಾರು, ಬಂಡೆಯ ಅಂಚು ಹತ್ತಿರ ಇರಬಾರದು, ಕರಡಿ ಉರುಳಿಸಿಕೊಂಡು ಹೋದರೆ ಮತ್ತೆ ಸಿಗುವುದಿಲ್ಲ. ಹಗ್ಗ ಕಟ್ಟುವುದಂತೂ ಬೇಡವೇ ಬೇಡ, ಅದನ್ನೇ ಕಚ್ಚಿ ಎಳೆದುಕೊಂಡು ಹೋಗುತ್ತದೆ. ಟಾರ್ಚ್ ಬೆಳಕಿಗೆ ಹೊಳೆಯುವ ಟೇಪಿನ ಒಂದು ತುಂಡು ಅಂಟಿಸಿದ್ದೇನೆ, ಹುಡುಕಲು ಸುಲಭ. ಅಡುಗೆ ಮಾಡುವಾಗಲೂ ಮುಚ್ಚಳ ಹಾಕಿಯೇ ಇರುತ್ತದೆ, ಬೇಕಾದ್ದು ತೆಗೆದ ತಕ್ಷಣ ಬಿಗಿ ಮಾಡುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ, ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಧೈರ್ಯ ಜಾಸ್ತಿಯಾಗುತ್ತದೆ, ಕೊನೆಗೆ ಎಷ್ಟೋ ಸಲ ಅದನ್ನು ಕೊಲ್ಲಬೇಕಾಗುತ್ತದೆ. ನಮ್ಮ ಒಂದು ಪೊಟ್ಟಣ ಗೊಜ್ಜವಲಕ್ಕಿಗೆ ಅದರ ಜೀವ ಹೋಗುವುದು ನನಗೆ ಸಹಿಸಲು ಆಗದ ಮಾತು.

ಕಾರನ್ನೂ ಮರೆಯಬೇಡಿ. 1998ರಲ್ಲಿ ಯೊಸೆಮಿಟಿಯಲ್ಲಿ 1500ಕ್ಕೂ ಹೆಚ್ಚು ಕರಡಿ ಪ್ರಕರಣಗಳು ನಡೆದವು, ಬಹುಪಾಲು ಕಾರುಗಳಿಗೆ ನುಗ್ಗಿದ್ದು. ನಡಿಗೆ ಶುರುವಾಗುವ ಜಾಗದಲ್ಲಿ ಕಬ್ಬಿಣದ ಲಾಕರ್‌ಗಳಿರುತ್ತವೆ. ವಾಪಸ್ ಬಂದ ಮೇಲೆ ತಿನ್ನಲು ಇಟ್ಟ ಕೊಬ್ಬರಿ ಮಿಠಾಯಿ ಅಲ್ಲಿಗೆ ಹೋಗಲಿ, ಮಕ್ಕಳ ಸೀಟಿನ ಸಂದಿಯ ಬಿಸ್ಕತ್ತಿನ ಚೂರನ್ನೂ ಬಿಡದೆ ಗುಡಿಸಿ ತೆಗೆಯಿರಿ.